ಸ್ಟೋರಮ್ಮನ ಪಿಯಾನೋ ದಾಸ್ತಾನು

ಹುಡುಕುವವರನ್ನು ಕಂಡರೆ ಸ್ಟೋರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಕನ್ನಡಕ ಹುಡುಕುವವರು, ಬೀಗದ ಕೈ ಹುಡುಕುವವರು, ಚೀಲದ ತಳದವರೆಗೆ ಕೈ ಇಳಿಬಿಟ್ಟು ‘ಇಲ್ಲೇ ಇಟ್ಟಿದ್ದೆ ಕಣ್ರೀ’ ಎಂದು ರಾಗ ಎಳೆಯುವವರು, ಎಲ್ಲರೂ ಅವಳ ಪಾಲಿಗೆ ಒಂದೇ ಗುಂಪು. “ಹುಡುಕೋದು ಅಂದ್ರೇನು? ಕೈ ಹಾಕಿದ್ರೆ ಸಿಗ್ಬೇಕು, ಅಷ್ಟೇ” ಎನ್ನುತ್ತಿದ್ದಳು. ಹಾಗೆನ್ನುವ ಹಕ್ಕು ಅವಳಿಗಿತ್ತು ಬಿಡಿ. ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಕೂತವಳು. ಉಗುರಿನಷ್ಟು ವಾಷರಿನಿಂದ ಹಿಡಿದು ಆಳೆತ್ತರದ ಆಕ್ಸಲ್‌ವರೆಗೆ ಆರು ಸಾವಿರದ ಚಿಲ್ಲರೆ ಬಗೆಯ ಸಾಮಾನು. ಒಂದೊಂದಕ್ಕೂ ಕಪಾಟು, ಕಪಾಟಿಗೆ ಖಾನೆ, ಖಾನೆಗೆ ನಂಬರು. ಕರೆಂಟು ಹೋದಾಗಲೂ ಕತ್ತಲಲ್ಲಿ ನಡೆದುಹೋಗಿ ಕೇಳಿದ ಬೋಲ್ಟನ್ನೇ ತಂದುಕೊಡುತ್ತಿದ್ದಳು. “ಕಣ್ಣು ಕಟ್ಟಿದ್ರೂ ಸಾಮಾನು ಕೊಡ್ತಾಳೆ, ಸಹಿ ಇಲ್ದಿದ್ರೆ ಮಾತ್ರ ದೇವರು ಬಂದ್ರೂ ಕೊಡಲ್ಲ” ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು. ಆಡಿಕೊಂಡರೆ ಆಡಿಕೊಳ್ಳಲಿ. ಸ್ಟೋರಮ್ಮ ಅದನ್ನೇ ಹೊಗಳಿಕೆ ಎಂದು ತಿಳಿದಿದ್ದಳು.

ಅವಳ ಮದುವೆಯೂ ಸಾಮಾನು ಕೊಡುವ ಆ ಸ್ಟೋರಿನ ಕಿಟಕಿಯಲ್ಲೇ ಕುದುರಿದ್ದು. ಒಬ್ಬ ಹೊಸ ಡ್ರೈವರು ವೈಪರ್ ಬ್ಲೇಡು ಬೇಕೆಂದು ಬಂದ. ಸಾಮಾನು ಕೇಳುವ ಇಂಡೆಂಟ್ ಚೀಟಿಯ ಮೇಲೆ ಸಹಿ ಇರಲಿಲ್ಲ, ವಾಪಸು ಕಳಿಸಿದಳು. ಎರಡನೇ ಸಲ ಬಂದ, ಸಹಿ ಗೆರೆ ದಾಟಿ ಪಕ್ಕದ ಅಂಕಣಕ್ಕೆ ಹೋಗಿತ್ತು, ವಾಪಸು ಕಳಿಸಿದಳು. ಮೂರನೇ ಸಲ ಬಂದವನು ವೈಪರಿನ ಮಾತೇ ಎತ್ತಲಿಲ್ಲ. “ಮದುವೆಗೂ ಇಂಡೆಂಟ್ ಬೇಕಾ, ಅಥವಾ ಬಾಯಲ್ಲಿ ಕೇಳಿದ್ರೆ ಸಾಕಾ?” ಎಂದ. ಸ್ಟೋರಮ್ಮ ಜೀವನದಲ್ಲಿ ಸಹಿಯಿಲ್ಲದೆ ಕೊಟ್ಟದ್ದು ಅದೊಂದೇ ಉತ್ತರ. ಆ ವೈಪರು ಮಾತ್ರ ಅವನಿಗೆ ಕೊನೆಗೂ ಸಿಗಲಿಲ್ಲ. ಆ ಮಾತೆತ್ತಿ ಆತ ಮೂವತ್ತು ವರ್ಷ ಬಿಡದೆ ಹಂಗಿಸಿದ.

ಇಬ್ಬರೂ ನಿವೃತ್ತರಾಗಿ ಎರಡು ವರ್ಷ ಆಗಿತ್ತಷ್ಟೇ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಗಂಡನ ಕೈಯಿಂದ ಬ್ರಷ್ಷು ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಪಾರ್ಶ್ವವಾಯು. ಜೀವ ಉಳಿಯಿತು, ಮಾತು ನಿಧಾನವಾಗಿ ಮರಳಿತು, ಬಲಗೈ ಬಲಗಾಲು ಮಾತ್ರ ಹೇಳಿದ ಮಾತು ಕೇಳುವುದನ್ನು ಬಿಟ್ಟವು. ಅವರ ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟಿಲ್ಲ, ಮೂವತ್ತೆಂಟು ಮೆಟ್ಟಿಲು, ಹಿಡಿದುಕೊಳ್ಳುವ ಕಂಬಿ ಹತ್ತುವಾಗ ಬಲಗಡೆಗೆ ಬರುತ್ತಿತ್ತು. ಬಲಗೈಗೇ ಹಿಡಿತವಿಲ್ಲದವನಿಗೆ ಆ ಕಂಬಿ ಇದ್ದರೇನು, ಬಿಟ್ಟರೇನು? ಆಸ್ಪತ್ರೆಯಿಂದ ಸೀದಾ ಸ್ಟೋರಮ್ಮನ ತಂಗಿಯ ಮನೆಗೆ ಬಂದರು. ನೆಲಮಹಡಿ, ಬೀದಿ ಕಡೆಯ ಕೋಣೆ, ಗಾಲಿಕುರ್ಚಿ ಒಳಗೆ ಬರುವಷ್ಟು ಅಗಲದ ಬಾಗಿಲು.

ತಂಗಿ ಒಳ್ಳೆಯವಳು. ಒಳ್ಳೆಯವಳಾದ್ದರಿಂದಲೇ ತೊಂದರೆ. “ಅಕ್ಕಾ, ಆ ಮನೆ ಬಿಟ್ಬಿಡಿ. ಭಾವನ್ನ ಅಲ್ಲಿಗೆ ಹೇಗೆ ಹತ್ತಿಸ್ತೀಯಾ? ಇಲ್ಲೇ ಇರಿ, ನಾನೇನು ಹೊರಗಿನವಳಾ?” ಎಂದು ದಿನಕ್ಕೆರಡು ಸಲ ಕೇಳುತ್ತಿದ್ದಳು. ಸ್ಟೋರಮ್ಮ ಮಾತ್ರ ವಾರಕ್ಕೊಮ್ಮೆ ಒಬ್ಬಳೇ ಹೋಗಿ ಮೂವತ್ತೆಂಟು ಮೆಟ್ಟಿಲು ಹತ್ತಿ, ಕಿಟಕಿ ತೆರೆದು, ಗುಡಿಸಿ, ಅಡುಗೆಮನೆಯ ಡಬ್ಬಗಳ ಮೇಲಿನ ನಂಬರು ಚೀಟಿಗಳನ್ನು ಒರೆಸಿ ಬರುತ್ತಿದ್ದಳು. ಆ ಮನೆಯಲ್ಲಿ ತಾನು ಸತ್ತರೂ ಸರಿ, ಇನ್ನೊಬ್ಬರ ಮನೆಯ ಕಪಾಟಿನಲ್ಲಿ ಸಕ್ಕರೆ ಎಲ್ಲಿದೆ ಎಂದು ಕೇಳುತ್ತ ಬದುಕಲಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಗಂಡ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಸಂಜೆ ಅವಳು ವಾಪಸು ಬಂದಾಗಲೆಲ್ಲ “ಬಾಲ್ಕನಿ ಕುರ್ಚಿ ಹೇಗಿದೆ?” ಎಂದು ಕುರ್ಚಿಯ ಆರೋಗ್ಯ ವಿಚಾರಿಸುತ್ತಿದ್ದ.

ಹೀಗೆ ಎಲ್ಲವೂ ಬಂದು ನಿಂತದ್ದು ಸೋತ ಕೈಕಾಲಿಗೆ ವ್ಯಾಯಾಮ ಕಲಿಸುವ ಫಿಜಿಯೋ ಮೇಡಮ್ಮಿನ ಹಾಲಿನಲ್ಲಿ. ಹನ್ನೆರಡು ವಾರದ ತರಬೇತಿ, ವಾರಕ್ಕೆರಡು ದಿನ, ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆ. ಕೊನೆಯ ದಿನ ಪರೀಕ್ಷೆ. ಯಾರೂ ಹಿಡಿಯದೆ ಬಾಗಿಲಿಂದ ಎದುರು ಗೋಡೆಯವರೆಗೆ ಹೋಗಿ ಬರಬೇಕು, ಮೂಲೆಯಲ್ಲಿ ಅಭ್ಯಾಸಕ್ಕೆಂದು ಮಾಡಿಟ್ಟ ಆರು ಮರದ ಮೆಟ್ಟಿಲು ಹತ್ತಿ ಇಳಿಯಬೇಕು. ಅಷ್ಟಾದರೆ ಮೇಡಂ ಕಾಗದಕ್ಕೆ ಸಹಿ ಹಾಕುತ್ತಾರೆ, ಮನೆಗೆ ಹೋಗಬಹುದು. ಆಗದಿದ್ದರೆ ಆ ಜಾಗ ಸರದಿಯಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ. ಗಂಡನಿಗೆ ಗಾಲಿಕುರ್ಚಿಯೇ ಗತಿ. ಗಾಲಿಕುರ್ಚಿ ಮೂವತ್ತೆಂಟು ಮೆಟ್ಟಿಲು ಹತ್ತುವುದಿಲ್ಲ. ಇಷ್ಟೇ ವಿಷಯ.

ಆ ಹಾಲು ಹಿಂದೆ ನೃತ್ಯಶಾಲೆಯಾಗಿತ್ತು. ಮರದ ನೆಲ, ಒಂದು ಗೋಡೆಯುದ್ದಕ್ಕೂ ಕನ್ನಡಿ, ಎದುರು ಗೋಡೆಗೆ ಒತ್ತಿಕೊಂಡು ಒಂದು ಪಿಯಾನೋ. ಆ ಪಿಯಾನೋ ತಾನೇ ನುಡಿಯುತ್ತಿತ್ತು. ಒಂದೊಂದು ಕೀಯ ಕೆಳಗೂ ಒಂದೊಂದು ಪುಟ್ಟ ವಿದ್ಯುತ್ ಅಯಸ್ಕಾಂತ. ಬದಿಯಲ್ಲಿ ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ, ಅದಕ್ಕೊಂದು ಮೆಮರಿ ಕಾರ್ಡು. ಪೆಟ್ಟಿಗೆಯ ಮೇಲಿನ ಗುಂಡಿಗಳಲ್ಲಿ ನಂಬರು ಒತ್ತಿದರೆ ಸಾಕು, ಯಾರೂ ಕೂರದ ಪಿಯಾನೋದ ಕೀಗಳು ತಾವಾಗಿಯೇ ಕುಣಿಯತೊಡಗುತ್ತಿದ್ದವು. ಲಯಕ್ಕೆ ತಕ್ಕಂತೆ ಹೆಜ್ಜೆ ಇಟ್ಟರೆ ಸೋತ ಕಾಲು ಬೇಗ ಕಲಿಯುತ್ತದೆ ಎನ್ನುವುದು ಫಿಜಿಯೋ ಮೇಡಮ್ಮಿನ ವಿದ್ಯೆ. ಸ್ಪೀಕರಿನಲ್ಲಿ ಹಾಡು ಹಾಕಿದರೆ ಸ್ಟೋರಮ್ಮನ ಗಂಡನಿಗೆ ಹಿಡಿಸುತ್ತಿರಲಿಲ್ಲ. ಕಣ್ಣಿಗೆ ಕಾಣದ ಯಂತ್ರವನ್ನು ಡ್ರೈವರು ನಂಬುವುದುಂಟೇ? ಪಿಯಾನೋ ಹಾಗಲ್ಲ. ಕೀ ಕೆಳಗಿಳಿಯುವುದು ಕಾಣುತ್ತದೆ, ನೆಲದ ಹಲಗೆಯ ಮೂಲಕ ಅದರ ಏಟು ಪಾದಕ್ಕೆ ತಟ್ಟುತ್ತದೆ. ಮೊದಲ ದಿನವೇ ಆತ ಬಾಯಿ ಸೊಟ್ಟ ಮಾಡಿಕೊಂಡು ನಕ್ಕ. “ಡ್ರೈವರಿಲ್ಲದ ಬಸ್ಸು ಕಣೇ ಇದು.”

ಬಸ್ಸೇನೋ ಸರಿ, ರೂಟೇ ಸರಿಯಿರಲಿಲ್ಲ. ಮೇಡಂ ಒಂದು ನಂಬರು ಒತ್ತಿದರೆ ಬಾಣ ಬಿಟ್ಟಂತೆ ಓಡುವ ಹಾಡು ಬರುತ್ತಿತ್ತು. “ಇದಲ್ಲ, ತಾಳಿ.” ಇನ್ನೊಂದು ಒತ್ತಿದರೆ ಅದೇ ಹಾಡು ಮತ್ತೆ. ಮತ್ತೊಂದು ಒತ್ತಿದರೆ ಕೀಗಳು ನಡುಗುತ್ತಿದ್ದವು, ಸದ್ದೇ ಇಲ್ಲ. ಸ್ಟೋರಮ್ಮ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಮೂವತ್ತು ನಿಮಿಷದಲ್ಲಿ ಎಂಟು ನಿಮಿಷ ಹುಡುಕುವುದಕ್ಕೇ ಹೋಯಿತು. ಗಂಡ ಹಿಡಿದು ನಡೆಯುವ ಎರಡು ಸಮಾನಾಂತರ ಕಂಬಿಗಳ ನಡುವೆ ಒಂಟಿಕಾಲಿನ ಕೊಕ್ಕರೆಯಂತೆ ಕಾಯುತ್ತ ನಿಂತಿದ್ದ. ಅವಳಿಗೆ ತಡೆಯಲಾಗಲಿಲ್ಲ.

“ಮೇಡಂ, ಈ ಕಾರ್ಡಲ್ಲಿ ಎಷ್ಟು ಹಾಡಿವೆ?”

“ಗೊತ್ತಿಲ್ಲಮ್ಮ. ಡ್ಯಾನ್ಸ್ ಸ್ಕೂಲಿನವರು ಬಿಟ್ಟುಹೋಗಿದ್ದು. ಸಾವಿರದ ಮೇಲೆ ಇರ್ಬೇಕು.”

“ಗೊತ್ತಿಲ್ಲ ಅಂದ್ರೆ? ದಾಸ್ತಾನು ಪುಸ್ತಕ ಇಲ್ವಾ?”

“ಹಾಡಿಗೆ ದಾಸ್ತಾನು ಪುಸ್ತಕ ಯಾರಮ್ಮ ಇಡ್ತಾರೆ?”

“ನಾನು ಇಡ್ತೀನಿ. ಕಾರ್ಡು ಕೊಡಿ ಇಲ್ಲಿ.”

ಮೇಡಂ ಗಂಡನ ಮುಖ ನೋಡಿದರು. “ಕೊಟ್ಬಿಡಿ ಮೇಡಂ,” ಎಂದ ಆತ, ಒಂದೊಂದೇ ಪದ ಕೂಡಿಸಿ. “ಇವಳು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು.”

ಡಿಪೋದ ಕೊನೆಯ ಎಂಟು ವರ್ಷ ಎಲ್ಲ ದಾಸ್ತಾನು ಕಂಪ್ಯೂಟರಿಗೆ ಏರಿದ್ದರಿಂದ ಸ್ಟೋರಮ್ಮನಿಗೆ ಆ ಯಂತ್ರದ ಭಯವಿರಲಿಲ್ಲ. ಮಧ್ಯಾಹ್ನ ಗಂಡ ಮಲಗಿದಾಗ ತಂಗಿಯ ಮನೆಯ ಊಟದ ಮೇಜಿನ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪ್ ತೆರೆದು ಕಾರ್ಡು ಹಾಕಿದಳು. ಸಾವಿರದ ನೂರಾ ಮೂವತ್ತಾರು ಫೈಲು. ಹೆಸರುಗಳೋ, ಕೇಳಬೇಡಿ. ‘ಹೊಸದು’, ‘ಹೊಸದು 2’, ‘ಕೊನೆಯದು’, ‘ನಿಜವಾದ ಕೊನೆಯದು’, ‘ಸೋಮವಾರ’, ‘ಹೆಸರಿಲ್ಲ’. ‘ಹೆಸರಿಲ್ಲ’ ಎನ್ನುವ ಹೆಸರಿನವೇ ಇನ್ನೂರ ಮೇಲಿದ್ದವು. “ಇದೇನು ಮನುಷ್ಯರು ಇಟ್ಟದ್ದೋ, ಹೆಗ್ಗಣ ಎಳೆದು ತಂದಿಟ್ಟದ್ದೋ!” ಎಂದು ಅವಳು ಗಟ್ಟಿಯಾಗಿಯೇ ಬೈದಳು. ಅಡುಗೆಮನೆಯಿಂದ ತಂಗಿ ಗಾಬರಿಯಾಗಿ “ಏನಾಯ್ತಕ್ಕಾ?” ಎಂದು ಓಡಿಬಂದಳು.

ಒಂದು ವಿಷಯ ಮಾತ್ರ ಅವಳಿಗೆ ಬಲು ಹಿಡಿಸಿತು. ಆ ಫೈಲುಗಳ ಒಳಗೆ ಸಂಗೀತವೇ ಇರಲಿಲ್ಲ. ಎಷ್ಟನೇ ಕೀ, ಯಾವ ಕ್ಷಣ, ಎಷ್ಟು ಬಲ, ಎಷ್ಟು ಹೊತ್ತು, ಇಷ್ಟೇ ಸಾಲುಸಾಲಾಗಿ ಇತ್ತು. ಅಂದರೆ ಅದು ಹಾಡಲ್ಲ, ಇಂಡೆಂಟ್! ‘ನಲವತ್ತನೇ ಖಾನೆಯಿಂದ ಒಂದು, ಈಗಲೇ ಕೊಡಿ’ ಎನ್ನುವ ಚೀಟಿ. ಪಿಯಾನೋ ಅಂದರೆ ಎಂಬತ್ತೆಂಟು ಖಾನೆಯ ಒಂದು ಸ್ಟೋರು. ಹುಟ್ಟಿದಾಗಿನಿಂದ ಒಂದು ಸಾಲು ಹಾಡು ಹೇಳಿದವಳಲ್ಲ ಸ್ಟೋರಮ್ಮ; ಆದರೂ ಆ ಗಳಿಗೆಯಿಂದ ಸಂಗೀತ ತನ್ನ ಇಲಾಖೆಗೆ ಸೇರಿದ್ದು ಎಂದು ಅವಳಿಗೆ ಖಾತ್ರಿಯಾಯಿತು.

ಹಾಡಿನ ಹೆಸರು, ಬರೆದವರು, ಯಾವ ಕಾಲದ್ದು, ಇವು ಯಾವುವೂ ಅವಳಿಗೆ ಬೇಕಾಗಿರಲಿಲ್ಲ. ಬೋಲ್ಟನ್ನು ಅಳತೆಯ ಮೇಲೆ ಇಡುತ್ತಾರೆಯೇ ಹೊರತು ಮಾಡಿದವನ ಹೆಸರಿನ ಮೇಲೆ ಇಡುತ್ತಾರೆಯೇ? ಹಾಡಿನ ಅಳತೆ ಹೆಜ್ಜೆ. ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತದೆ? ಅದನ್ನು ಕೂತು ಹೇಳಲಾಗದು. ಆದ್ದರಿಂದ ಒಂದೊಂದೇ ಫೈಲು ಹಾಕಿ, ಕೈಗಡಿಯಾರ ನೋಡಿಕೊಳ್ಳುತ್ತ, ತಂಗಿಯ ಮನೆಯ ನಡುಹಜಾರದಲ್ಲಿ ಈ ತುದಿಯಿಂದ ಆ ತುದಿಗೆ ತಾನೇ ನಡೆದಳು. ನಲವತ್ತು ಹೆಜ್ಜೆಯವು, ನಲವತ್ತನಾಲ್ಕರವು, ಐವತ್ತೆರಡರವು. ಪ್ರತಿಯೊಂದಕ್ಕೂ ನಂಬರು, ಹೆಜ್ಜೆ, ಉದ್ದ, ಷರಾ. ಷರಾದಲ್ಲಿ ‘ಗಂಭೀರ’, ‘ಚುರುಕು’, ‘ನಡುವೆ ಸುಮ್ಮನೆ ನಿಲ್ಲುತ್ತದೆ, ಬೇಡ’ ಎಂದು ಬರೆಯುತ್ತಿದ್ದಳು. ಮೆತ್ತಗಿದ್ದು ಸದ್ದು ಬಾರದ ಫೈಲುಗಳಲ್ಲಿ ಬಲದ ಅಂಕಿ ಏರಿಸಿದಳು. ಒಂದೇ ಹಾಡು ಆರಾರು ಸಲ ಇದ್ದದ್ದನ್ನು ಒಂದಕ್ಕಿಳಿಸಿದಳು. ವಾರಕ್ಕೆರಡು ಬಾರಿ, ಅಂದಿನ ಅಭ್ಯಾಸಕ್ಕೆ ಬೇಕಾದ ಇಪ್ಪತ್ತೇ ಇಪ್ಪತ್ತು ಹಾಡುಗಳನ್ನು ಸಣ್ಣದೊಂದು ಕಾರ್ಡಿಗೆ ಹಾಕಿ ಹಾಲಿಗೆ ಒಯ್ಯುತ್ತಿದ್ದಳು. ಹುಡುಕಾಟ ನಿಂತಿತು. ಮೂವತ್ತು ನಿಮಿಷಕ್ಕೆ ಮೂವತ್ತು ನಿಮಿಷ ನಡಿಗೆ.

“ಅಕ್ಕಾ, ನೀನು ನಡೆದೂ ನಡೆದೂ ನನ್ನ ಹಜಾರದ ನೆಲ ಸವೀತಿದೆ,” ಎಂದಳು ತಂಗಿ.

“ಸವೆದ್ರೆ ಸವೀಲಿ. ನಿನ್ನ ಭಾವ ಎದ್ದು ನಡೆದ ದಿನ ಹೊಸದು ಹಾಕಿಸ್ಕೊಡ್ತೀನಿ.”

ನಡೆಯುತ್ತ ನಡೆಯುತ್ತಲೇ ಅವಳಿಗೊಂದು ಸಂಗತಿ ಹೊಳೆಯಿತು. ಕೆಲವು ಹಾಡುಗಳಿಗೆ ಹೆಜ್ಜೆ ಹಾಕಿದರೆ ಎಡವಿದಂತಾಗುತ್ತಿತ್ತು. ಕೂತು ಬೆರಳೆಣಿಸಿದಳು. ಬಹುಪಾಲು ಹಾಡುಗಳಲ್ಲಿ ಏಟು ಎರಡೆರಡಾಗಿ ಬರುತ್ತದೆ: ಒಂದು ಜೋರು, ಒಂದು ಮೆಲ್ಲಗೆ. ಜೋರಿನದು ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ. ಆದರೆ ಈ ಎಡವಟ್ಟು ಹಾಡುಗಳಲ್ಲಿ ಏಟು ಮೂರುಮೂರು: ಒಂದು ಜೋರು, ಎರಡು ಮೆಲ್ಲಗೆ. ಜೋರಿನದು ಒಮ್ಮೆ ಎಡಗಾಲಿಗೆ, ಮರುಸಲ ಬಲಗಾಲಿಗೆ. ನೆಟ್ಟಗಿರುವ ತನಗೇ ತಲೆ ತಿರುಗಿದ ಮೇಲೆ ಕಾಲು ಸೋತವನ ಗತಿಯೇನು? ಅಂಥವು ನೂರಾ ಎಪ್ಪತ್ತೊಂದು ಸಿಕ್ಕವು. ಅವುಗಳಿಗೆ ಉದ್ದವನ್ನೂ ಅಳೆಯದೆ, ಷರಾವನ್ನೂ ಬರೆಯದೆ, ಒಟ್ಟಾಗಿ ಒಂದು ಫೋಲ್ಡರಿಗೆ ತಳ್ಳಿ ‘ಗುಜರಿ’ ಎಂದು ಹೆಸರಿಟ್ಟಳು. ಅಳಿಸಲಿಲ್ಲ. ಮೂರು ಜನರ ಸಹಿ ಇಲ್ಲದೆ ಗುಜರಿಯನ್ನು ಎಸೆಯುವ ಅಧಿಕಾರ ಸ್ಟೋರ್ ಕೀಪರಿಗಿಲ್ಲ ಎನ್ನುವುದು ಡಿಪೋದ ಕಾನೂನು. ನಿವೃತ್ತಿಯಾದರೇನಂತೆ, ಕಾನೂನು ಕಾನೂನೇ.

ಎಂಟನೇ ವಾರದ ಹೊತ್ತಿಗೆ ಗಂಡ ಕಂಬಿ ಬಿಟ್ಟು ಎಡಗೈಯಲ್ಲಿ ಕೋಲು ಹಿಡಿದ. ಅಲ್ಲಿಂದ ಗಾಡಿ ಮುಂದಕ್ಕೆ ಹೋಗಲಿಲ್ಲ. ಕೋಲು ಮತ್ತು ಸೋತ ಕಾಲು ಒಟ್ಟಿಗೆ ಒಂದು ಏಟಿಗೆ, ಒಳ್ಳೆಯ ಕಾಲು ಇನ್ನೊಂದು ಏಟಿಗೆ ಎಂದು ಮೇಡಂ ಕಲಿಸಿದರು. ನಾಲ್ಕು ಹೆಜ್ಜೆ ಸರಿಬರುತ್ತಿತ್ತು, ಐದನೆಯದಕ್ಕೆ ಕೋಲು ಮುಂದೆ, ಕಾಲು ಹಿಂದೆ. ಒಂಬತ್ತನೇ ವಾರ ಹೀಗೇ ಹೋಯಿತು, ಹತ್ತನೆಯದೂ ಹೋಯಿತು. ಒಮ್ಮೆ ಆತ ಹಾಲಿನ ನಡುವೆ ಇದ್ದಾಗ ಹಾಡು ಥಟ್ಟನೆ ಮುಗಿಯಿತು. ಬ್ರೇಕ್ ಫೇಲಾದವನಂತೆ ವಾಲಿದವನನ್ನು ಮೇಡಂ ಓಡಿಬಂದು ತಬ್ಬಿ ಹಿಡಿದರು. ಅಂದಿನಿಂದ ಹಾಡು ನಡುವೆ ನಿಲ್ಲಿಸಬಾರದು, ಸಾಕಷ್ಟು ಉದ್ದದ್ದನ್ನೇ ಹಾಕಬೇಕು ಎಂದು ಕಟ್ಟುನಿಟ್ಟಾಯಿತು. ಮನೆಗೆ ಬರುವ ದಾರಿಯಲ್ಲಿ ಆತ ಹೇಳಿದ:

“ನಿನ್ ತಂಗಿ ಹೇಳೋದೇ ಸರಿ ಅನ್ಸುತ್ತೆ ಕಣೇ. ಮನೆ ಬಿಟ್ಬಿಡೋಣ.”

“ಬಾಯಿ ಮುಚ್ಕೊಂಡು ಕೂತ್ಕೊಳ್ರೀ,” ಎಂದಳು ಸ್ಟೋರಮ್ಮ. ಗಾಲಿಕುರ್ಚಿ ತಳ್ಳುವವರ ಮುಖ ಕೂತವರಿಗೆ ಕಾಣುವುದಿಲ್ಲ. ಅವಳು ಕಣ್ಣೊರೆಸಿಕೊಂಡದ್ದು ಆತನಿಗೆ ಗೊತ್ತಾಗಲಿಲ್ಲ.

ಆದರೆ ಹತಾಶೆ ಅವಳಿಗೆ ಒಗ್ಗುವ ಪದಾರ್ಥವಲ್ಲ. ಕೊನೆಯ ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಸಾವಿರದ ನೂರಾ ಮೂವತ್ತಾರು ಫೈಲುಗಳಿಗೂ ಒಂದು ಗತಿ ಕಾಣಿಸಿದಳು. ಮೂವತ್ತೇಳನೇ ನಂಬರು ಗಂಡನದು: ನಿಮಿಷಕ್ಕೆ ಐವತ್ತೆರಡು ಹೆಜ್ಜೆ, ಐದು ನಿಮಿಷ ಉದ್ದ, ಷರಾ ‘ಭರವಸೆಯದು’. ಪರೀಕ್ಷೆಯ ಬೆಳಿಗ್ಗೆ ಪೂರ್ತಿ ದಾಸ್ತಾನನ್ನು ದೊಡ್ಡ ಕಾರ್ಡಿಗೆ ತುಂಬಿದಳು. ಮನೆ ಖಾಲಿ ಮಾಡುವಾಗ ಮೊದಲು ಹಳೇ ಸಾಮಾನು ಸಾಗಿಸುವಂತೆ ಮೊದಲು ಗುಜರಿಯನ್ನು ಹಾಕಿ, ಆಮೇಲೆ ಒಳ್ಳೆಯವನ್ನು ಸಾಲಾಗಿ ಹಾಕಿದಳು.

“ಇವತ್ತೊಂದಿನ ಹಳೇ ಸಣ್ಣ ಕಾರ್ಡೇ ಇರ್ಲಿ ಬಿಡೇ,” ಎಂದ ಗಂಡ. “ಬಸ್ಸು ಲೈನಿಗೆ ಹೊರಡೋ ದಿನ ಯಾರಾದ್ರೂ ಇಂಜಿನ್ ಬಿಚ್ತಾರಾ?”

“ನನ್ನ ಸ್ಟೋರಿನ ಸುದ್ದಿಗೆ ಬರಬೇಡಿ,” ಎಂದಳು. ಅವಳಿಗೆ ಜಂಬವಿತ್ತು, ಸುಳ್ಳೇಕೆ ಹೇಳಬೇಕು? ಕೊನೆಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಮುಗಿಸಿದ ದಾಸ್ತಾನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

ಹಾಲಿನಲ್ಲಿ ಗಂಡ ಬಾಗಿಲ ಬಳಿ ಕೋಲೂರಿ ನಿಂತ. ಮೇಡಂ ಎರಡು ಹೆಜ್ಜೆ ದೂರದಲ್ಲಿ, ಮುಟ್ಟದೆ, ಬಿದ್ದರೆ ಹಿಡಿಯುವಂತೆ. ಸ್ಟೋರಮ್ಮ ಪೆಟ್ಟಿಗೆಗೆ ಕಾರ್ಡು ತುರುಕಿ ಮೂವತ್ತೇಳು ಒತ್ತಿದಳು.

ಕೀಗಳು ಕೆಳಗಿಳಿದವು. ಧಂ, ತಕ, ತಕ. ಧಂ, ತಕ, ತಕ.

ಮೂರರ ಏಟು! ಇದು ಗುಜರಿಯದು. ಮೂವತ್ತೇಳರ ಜಾಗಕ್ಕೆ ಗುಜರಿ ಹೇಗೆ ಬಂತು? ನಿಲ್ಲಿಸಲು ಬೆರಳು ಗುಂಡಿಯ ಮೇಲೆ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಟಕ್ ಎಂದು ಕೋಲಿನ ಸದ್ದು ಬಂತು. ಆತ ಹೊರಟುಬಿಟ್ಟಿದ್ದ.

ಈಗ ನಿಲ್ಲಿಸಿದರೆ ಬೀಳುತ್ತಾನೆ. ನಿಲ್ಲಿಸದಿದ್ದರೆ? ಹಾಡು ಯಾವಾಗ ಮುಗಿಯುತ್ತದೋ ಯಾರಿಗೆ ಗೊತ್ತು? ನೂರಾರು ಹಾಡಿನ ಉದ್ದ ಸೆಕೆಂಡು ಲೆಕ್ಕದಲ್ಲಿ ಬಾಯಿಪಾಠವಿದ್ದವಳಿಗೆ ಇದೊಂದರ ಉದ್ದ ಗೊತ್ತಿರಲಿಲ್ಲ. ಗುಜರಿ ಎಂದು ಅಳೆದೇ ಇರಲಿಲ್ಲವಲ್ಲ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ. ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಅವಳು ನಿಧಾನವಾಗಿ ಕತ್ತು ತಿರುಗಿಸಿದಳು.

ಧಂ ಎಂದಾಗ ಕೋಲು ನೆಲಕ್ಕೆ ಬಿತ್ತು. ತಕ ಎಂದಾಗ ಬಲಗಾಲು ಸರಿದು ಅದರ ಪಕ್ಕಕ್ಕೆ ಬಂತು. ತಕ ಎಂದಾಗ ಎಡಗಾಲು ದಾಟಿ ಮುಂದೆ ಹೋಯಿತು. ಕೋಲು, ಸೋತ ಕಾಲು, ಒಳ್ಳೇ ಕಾಲು. ಕೋಲು, ಸೋತ ಕಾಲು, ಒಳ್ಳೇ ಕಾಲು. ನಾಲ್ಕಾಯಿತು, ಐದಾಯಿತು, ಹತ್ತಾಯಿತು. ಆತನ ಕಣ್ಣು ಪಿಯಾನೋದ ಕೀಗಳ ಮೇಲೆ ನೆಟ್ಟಿತ್ತು, ಹಳೇ ಕಾಲದಲ್ಲಿ ರಸ್ತೆಯ ಮೇಲೆ ನೆಡುತ್ತಿದ್ದ ಹಾಗೆ. ಮೇಡಂ ಸ್ಟೋರಮ್ಮನ ಕಡೆಗೆ ಕೈಯೆತ್ತಿ ‘ಮುಟ್ಟಬೇಡಿ’ ಎಂದು ಸನ್ನೆ ಮಾಡಿದರು. ಅವರ ಬಾಯಿ ತೆರೆದೇ ಇತ್ತು.

ಗೋಡೆಯವರೆಗೆ ಬಂದ. ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದ. ಕೋಲು, ಕಾಲು, ಕಾಲು ಎಂದು, ನಿಲ್ದಾಣದಲ್ಲಿ ಬಸ್ಸು ತಿರುಗಿಸುವಷ್ಟು ಅಗಲವಾಗಿ ಸುತ್ತಿ ವಾಪಸು ಹೊರಟ. ಬಾಗಿಲಿಗೆ ಮೂರು ಹೆಜ್ಜೆ ಇದ್ದಾಗ ಹಾಡು ಮುಗಿಯಿತು. ಸ್ಟೋರಮ್ಮ ಕಣ್ಣು ಮುಚ್ಚಿಕೊಂಡಳು. ಬಿದ್ದ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಆತ ಕೋಲೂರಿ, ಸಿಗ್ನಲ್ಲಿಗೆ ಕಾಯುವವನಂತೆ ನೆಟ್ಟಗೆ ನಿಂತಿದ್ದ. ಎರಡು ಸೆಕೆಂಡು ಬಿಟ್ಟು ಪೆಟ್ಟಿಗೆ ತಾನಾಗಿಯೇ ಮುಂದಿನ ಹಾಡು ಹಾಕಿತು. ಅದೂ ಗುಜರಿಯದೇ, ಅದೂ ಮೂರರದೇ. ಆತ ಉಳಿದ ಮೂರು ಹೆಜ್ಜೆ ಮುಗಿಸಿ, ಯಾರೂ ಹೇಳದೆಯೇ ಮೂಲೆಯ ಮೆಟ್ಟಿಲುಗಳ ಕಡೆ ತಿರುಗಿದ. ಹತ್ತುವಾಗ ಒಳ್ಳೇ ಕಾಲು ಮೊದಲು, ಆಮೇಲೆ ಸೋತದ್ದು, ಆಮೇಲೆ ಕೋಲು, ಅದೂ ಮೂರೇ. ಆರು ಮೆಟ್ಟಿಲು ಹತ್ತಿದ. ಆರು ಇಳಿದ.

ಮೇಡಂ ಚಪ್ಪಾಳೆ ತಟ್ಟಿದರು. ಸ್ಟೋರಮ್ಮ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಅಳುತ್ತಲೇ “ಥೂ, ನನ್ನ ತಲೆಗಿಷ್ಟು!” ಎಂದು ಬೈದುಕೊಂಡಳು.

“ಅಮ್ಮಾ, ಯಾವ ಹಾಡಿದು? ಇಷ್ಟು ದಿನ ಯಾಕೆ ಹಾಕ್ಲಿಲ್ಲ?” ಎಂದು ಮೇಡಂ ಕೇಳಿದರು.

“ಗುಜರಿ ಮೇಡಂ. ನಾನೇ ಗುಜರಿಗೆ ಹಾಕಿದ್ದೆ. ನಡೆದು ನೋಡ್ದೆ, ಎಡವಿಸ್ತಿತ್ತು. ನಾನು ನಡೆದದ್ದು ಎರಡು ಕಾಲಲ್ಲಿ. ಇವರಿಗೆ ಕೋಲು ಸೇರಿ ಮೂರು. ಇಷ್ಟು ಹೊಳೀಲಿಲ್ವಲ್ಲ ನಂಗೆ!”

“ನಂಗೂ ಹೊಳೀಲಿಲ್ಲಮ್ಮ. ಹೊಸಬರಿಗೆ ಮೂರಾಗಿಯೇ ಬಿಡಿಸಿ ಕಲಿಸ್ಬೇಕು. ಇರೋ ಹಾಡಿಗೆ ಹೊಂದಲ್ಲ ಅಂತ ನಾನೇ ಎರಡಕ್ಕೆ ಒತ್ತಿ ಕೂರಿಸ್ದೆ.”

ಗಂಡ ಕುರ್ಚಿಯಲ್ಲಿ ಕೂತು ಬೆವರೊರೆಸಿಕೊಳ್ಳುತ್ತಿದ್ದ. “ಕ್ಲಚ್ಚು, ಗೇರು, ಆಕ್ಸಲರೇಟರು,” ಎಂದ. “ಒಂದಾದ್ಮೇಲೆ ಒಂದು. ಎಲ್ಲಾ ಒಟ್ಟಿಗೆ ಒತ್ತು ಅಂದ್ರೆ ಗಾಡಿ ಹೇಗೆ ಹೋಗುತ್ತೆ?” ಹೆಂಡತಿಯ ಕಡೆ ತಿರುಗಿ ನಕ್ಕ. “ಈ ಸಲ ನಿನ್ ಮೊಲಕ್ಕೆ ನಿಜವಾಗ್ಲೂ ಮೂರೇ ಕಾಲು ಕಣೇ.”

ನಂಬರು ತಪ್ಪಿದ್ದು ಹೇಗೆ ಎನ್ನುವುದನ್ನು ಬಿಡಿಸುವವರೆಗೆ ಸ್ಟೋರಮ್ಮ ಅಲ್ಲಿಂದ ಏಳಲಿಲ್ಲ. ಒಂದು ಒತ್ತಿದಳು, ಎರಡು ಒತ್ತಿದಳು, ಬರೀ ಗುಜರಿ; ನೂರಾ ಎಪ್ಪತ್ತೆರಡು ಒತ್ತಿದಾಗ ಪುಸ್ತಕದ ಒಂದನೇ ಹಾಡು ಬಂತು. ಆಗ ಗೊತ್ತಾಯಿತು. ಆ ಪೆಟ್ಟಿಗೆ ಫೈಲಿನ ಹೆಸರನ್ನಾಗಲಿ ನಂಬರನ್ನಾಗಲಿ ಓದುವುದೇ ಇಲ್ಲ. ಕಾರ್ಡಿಗೆ ಯಾವುದು ಮೊದಲು ಬಂತೋ ಅದೇ ಅದಕ್ಕೆ ಒಂದನೆಯದು. ಸಣ್ಣ ಕಾರ್ಡಿಗೆ ಇಪ್ಪತ್ತನ್ನೂ ಒಂದರಿಂದ ನಂಬರು ಕೊಟ್ಟು ಸಾಲಾಗಿಯೇ ಹಾಕುತ್ತಿದ್ದರಿಂದ ಇಷ್ಟು ದಿನ ಗುಟ್ಟು ಹೊರಬಿದ್ದಿರಲಿಲ್ಲ. ಮೊದಲು ಬಂದದ್ದು ಮೊದಲು ಹೋಗಬೇಕು! ಸ್ಟೋರಿನ ಮೊದಲ ಪಾಠ. ಮೂವತ್ತೊಂದು ವರ್ಷ ಊರಿಗೆಲ್ಲ ಅದನ್ನು ಬೋಧಿಸಿದವಳಿಗೆ ಒಂದು ಡಬ್ಬಿ ತಿರುಗಿ ಪಾಠ ಹೇಳಿತ್ತು. ಅವಳಿಗೆ ಅವಮಾನವಾಗಲಿಲ್ಲ. ಆ ಪೆಟ್ಟಿಗೆಯ ಮೇಲೆ ಮೊದಲ ಬಾರಿಗೆ ಗೌರವ ಬಂತು.

ಆಮೇಲೆ ದಾಸ್ತಾನು ಪುಸ್ತಕ ಬಿಚ್ಚಿ, ‘ಗುಜರಿ, 171’ ಎಂದಿದ್ದ ಸಾಲಿಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಬಳ್ಕೆಗೆ ಯೋಗ್ಯ. ಕೋಲು ಹಿಡಿದವರಿಗೆ’ ಎಂದು ಬರೆದಳು. ಬರೆದವಳು ಮತ್ತೆ ನೋಡಿ, ಅವಸರದಲ್ಲಿ ತಪ್ಪಾಗಿದ್ದ ಅಕ್ಷರ ತಿದ್ದಿದಳು. ಗುಜರಿಯನ್ನು ಎಸೆಯಲು ಮೂರು ಸಹಿ ಬೇಕಾದ ಹಾಗೆ, ವಾಪಸು ತರಲೂ ಮೂರು ಸಹಿ ಬೇಕು. ಒಂದು ತಾನು ಹಾಕಿದಳು. ಮನೆಗೆ ಹೋಗಬಹುದೆಂಬ ಕಾಗದಕ್ಕೆ ಸಹಿ ಮಾಡಿದ ಪೆನ್ನಿನಿಂದಲೇ ಮೇಡಂ ನಗುತ್ತ ಎರಡನೆಯದು ಹಾಕಿದರು. ಪುಸ್ತಕ ಗಂಡನ ಮುಂದೆ ಬಂತು. ಆತ ತನ್ನ ಬಲಗೈ ನೋಡಿಕೊಂಡ.

“ಇಲ್ಲಿ ಅಲ್ಲ,” ಎಂದ. “ಮನೇಲಿ ಹಾಕ್ತೀನಿ. ನನ್ ಕುರ್ಚೀಲಿ ಕೂತು.”

ಮೂರನೇ ದಿನ ಬೆಳಿಗ್ಗೆ ಮನೆಗೆ ಹೋದರು. ತಂಗಿ ಅಳುತ್ತ ಚೀಲ ತುಂಬಿಕೊಟ್ಟಳು, ನಗುತ್ತ ಕಳಿಸಿಕೊಟ್ಟಳು. ಮೂವತ್ತೆಂಟು ಮೆಟ್ಟಿಲುಗಳ ಬುಡದಲ್ಲಿ ಪಿಯಾನೋ ಇರಲಿಲ್ಲ. ಸ್ಟೋರಮ್ಮ ಒಂದು ಮೆಟ್ಟಿಲು ಕೆಳಗೆ, ಬೆನ್ನ ಹಿಂದೆ ನಿಂತಳು. ಗಂಡ ಮೂಗಿನಲ್ಲೇ ಗುನುಗತೊಡಗಿದ. ರಾಗವಿಲ್ಲ, ಶ್ರುತಿಯಿಲ್ಲ, ಲೆಕ್ಕ ಮಾತ್ರ ಪಕ್ಕಾ. ಒಳ್ಳೇ ಕಾಲು, ಸೋತ ಕಾಲು, ಕೋಲು. ಹತ್ತೊಂಬತ್ತನೆಯದರಲ್ಲಿ, ಮಹಡಿ ತಿರುಗುವಲ್ಲಿ ನಿಂತುಬಿಟ್ಟ. ಕಿಟಕಿಯ ಬಿಸಿಲು ಮುಖದ ಮೇಲೆ ಬಿದ್ದಿತ್ತು, ಎದೆ ಏರಿಳಿಯುತ್ತಿತ್ತು.

“ಏನ್ರೀ? ಸಾಕಾಯ್ತಾ?” ಎಂದಳು.

“ಒಂದು ಹಾಡು ಮುಗೀತು,” ಎಂದ. “ಪೆಟ್ಟಿಗೆ ಮುಂದಿನದ್ದು ಹಾಕುತ್ತೆ. ತಡಿ.”

ಎರಡು ಸೆಕೆಂಡಲ್ಲ, ಎರಡು ನಿಮಿಷವೇ ಆಯಿತು. ಆಮೇಲೆ ಮತ್ತೆ ಗುನುಗಿದ. ಮೂವತ್ತೆಂಟನೆಯ ಮೆಟ್ಟಿಲ ಮೇಲೆ, ತಮ್ಮ ಬಾಗಿಲ ಮುಂದೆ, ಗಂಡ ಕೋಲೂರಿ ನಿಂತ. ಸ್ಟೋರಮ್ಮ ಚೀಲಕ್ಕೆ ಕೈ ಹಾಕಿದಳು. ಬೀಗದ ಕೈ ಸಿಗಲಿಲ್ಲ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಚೀಲದ ತಳದವರೆಗೆ ಕೈಯಾಡಿಸಿದಳು.

“ಇಲ್ಲೇ ಇಟ್ಟಿದ್ದೆ ಕಣ್ರೀ...”

ಆತ ಗಹಗಹಿಸಿ ನಕ್ಕ ನಗು ಕೆಳಗಿನ ಮೆಟ್ಟಿಲವರೆಗೂ ಕೇಳಿತು. ಬೀಗದ ಕೈ ಅವಳ ಎಡಗೈ ಬೆರಳಿಗೇ ನೇತುಬಿದ್ದಿತ್ತು.

ಒಳಗೆ ಹೋಗಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಆತ ತಾನಾಗಿಯೇ ಪುಸ್ತಕ ಕೇಳಿದ. ಎಡಗೈಯಿಂದ ಪೆನ್ನನ್ನು ಬಲಗೈ ಬೆರಳುಗಳ ನಡುವೆ ಸಿಕ್ಕಿಸಿ, ನಾಲಿಗೆ ಕಚ್ಚಿಕೊಂಡು, ಮೆಲ್ಲಗೆ ಎಳೆದ. ಸಹಿ ಮೂರನೆಯ ಅಂಕಣದಲ್ಲಿ ಶುರುವಾಗಿ, ಗೆರೆ ದಾಟಿ, ಷರಾದ ಅಂಕಣವನ್ನೆಲ್ಲ ಹಾಯ್ದು ಪುಟದ ಅಂಚಿಗೆ ಹೋಗಿ ನಿಂತಿತು. ಸ್ಟೋರಮ್ಮ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದಳು. ಗೆರೆ ದಾಟಿದ ಸಹಿಯನ್ನು ಅವಳು ಹುಟ್ಟಿದಾಗಿನಿಂದ ಒಪ್ಪಿದವಳಲ್ಲ. ಅದರ ಕೆಳಗೆ ತಾರೀಕು ಬರೆದು, ‘ಸರಿಯಿದೆ’ ಎಂದು ಬರೆದಳು.

“ಸಹಿ ಆಯ್ತಲ್ಲ,” ಎಂದ ಗಂಡ. “ಈಗಾದ್ರೂ ವೈಪರ್ ಕೊಡ್ತೀಯಾ?”